ಎದೆ ಸೆಟೆಸಿದರೆ ನರ ಬಿಡುವುದಿಲ್ಲ

"ನೆಟ್ಟಗ ಕುಂದ್ರು, ಎದಿ ಮುಂದ ಮಾಡು." ಕೈ ಜೋಮು ಹಿಡಿಯುತ್ತದೆ ಎಂದವರಿಗೆಲ್ಲ ನಮ್ಮ ಕಡೆ ಸಿಗುವ ಮೊದಲ ಮದ್ದು ಇದು. ಎರಡನೆಯದು, ಸಾವಿರಾರು ರೂಪಾಯಿಯ ಕುರ್ಚಿ. ನಮ್ಮ ಕಡೆಯ ನಿಡಸೋಸಿ ಈಗ ಬರೀ ಮಠದ ಊರಲ್ಲ. 1996ರಿಂದ ಅಲ್ಲಿ ಹಿರಾಶುಗರ್ ಇಂಜಿನಿಯರಿಂಗ್ ಕಾಲೇಜಿದೆ. ಲ್ಯಾಪ್‌ಟಾಪ್ ಮುಂದೆ ದಿನ ಕಳೆಯುವ ಹುಡುಗ-ಹುಡುಗಿಯರಿರುವ ಊರಲ್ಲಿ ಈ ಎರಡೂ ಸಲಹೆಗಳನ್ನು ಒರೆಗೆ ಹಚ್ಚಲೇಬೇಕು.

ಕೈಗೆ ಹೋಗುವ ನರಗಳು ಕುತ್ತಿಗೆಯಿಂದ ಹೊರಟು, ಕಾಲರ್ ಬೋನ್‌ಗೂ ಮೊದಲ ಪಕ್ಕೆಲುಬಿಗೂ ನಡುವಿನ ಸಂದಿಯಲ್ಲಿ ನುಸುಳಿ ರಟ್ಟೆಗೆ ಇಳಿಯುತ್ತವೆ. ಅಲ್ಲಿ ಅದುಮಿದರೆ ಹೆಚ್ಚಾಗಿ ಜುಮ್ಮೆನ್ನುವುದು ಕಿರುಬೆರಳು, ಉಂಗುರ ಬೆರಳು. ಫಾಲ್ಕನರ್ ಮತ್ತು ವೆಡೆಲ್ ಎಂಬ ವೈದ್ಯರು 1943ರಲ್ಲೇ ಈ ಸಂದಿಯ ಒತ್ತಡದ ಬಗ್ಗೆ ಬರೆದರು. ಭುಜಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಎದೆ ಸೆಟೆಸಿದರೆ ಸಂದಿ ಇನ್ನಷ್ಟು ಕಿರಿದಾಗುತ್ತದೆ. ಅದಕ್ಕೇ ವೈದ್ಯರು ರೋಗಿಯನ್ನು ಹಾಗೆ ನಿಲ್ಲಿಸಿ, ಮಣಿಕಟ್ಟಿನ ನಾಡಿ ಹಿಡಿದು, ಜೋಮು ಬಂತೇ ಎಂದು ಕೇಳುವುದು. ರೋಗವನ್ನು ಕೆರಳಿಸಿ ನೋಡುವ ಭಂಗಿಯನ್ನೇ ನಾವು ಔಷಧವೆಂದು ಹಂಚುತ್ತಿದ್ದೇವೆ. ಪಿ.ಟಿ. ಮಾಸ್ತರರು ಸಿಟ್ಟಾಗಬಾರದು.

ಇನ್ನು ಕುರ್ಚಿ. ಸಂಕೇಶ್ವರದಂಥ ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬುವ ಹುಡುಗಿಯನ್ನು ಗಮನಿಸಿ. ಬರೆಯುವ ಮೇಜು ಸುಮಾರು 75 ಸೆಂ.ಮೀ. ಎತ್ತರ. 45 ಸೆಂ.ಮೀ. ಕುರ್ಚಿಯಲ್ಲಿ ಕೂತ ಗಿಡ್ಡ ಮೈಕಟ್ಟಿನವಳ ಮೊಣಕೈ ನೆಲದಿಂದ 67ರ ಆಸುಪಾಸಿಗೆ ಬರುತ್ತದೆ. ಉಳಿದ ಎಂಟು ಸೆಂಟಿಮೀಟರನ್ನು ಯಾರು ತುಂಬಬೇಕು? ಅವಳ ಭುಜ. ಕೀಬೋರ್ಡಿನ ಮುಂದೆ ಆಧಾರ್ ಝೆರಾಕ್ಸುಗಳ ರಾಶಿ, ಮೌಸು ಆ ರಾಶಿಯಾಚೆ. ಕೈ ಚಾಚಿಕೊಂಡೇ ಇರಬೇಕು, ಮುಂಗೈಗೆ ಊರಲು ಜಾಗವಿಲ್ಲ. ಬೆನ್ನಿಗೆ ಎಷ್ಟೇ ಮೆತ್ತನೆಯ ಕುರ್ಚಿ ಕೊಟ್ಟರೂ ಮೇಜು ತಗ್ಗುವುದಿಲ್ಲ.

ಮಡಚಿದ ಕಂಬಳಿ ಹಾಕಿ ಕೂರುವ ಎತ್ತರ ಏರಿಸಿ, ಪಾದದಡಿ ಹಲಗೆ ಇಟ್ಟು, ಝೆರಾಕ್ಸುಗಳನ್ನು ಸರಿಸಿ ಕೀಬೋರ್ಡನ್ನೂ ಮೌಸನ್ನೂ ಹತ್ತಿರ ಎಳೆದುಕೊಂಡರೆ ಮುಂಗೈ ಮೇಜಿನ ಮೇಲೆ ಊರುತ್ತದೆ, ಭುಜ ತಾನಾಗಿ ಇಳಿಯುತ್ತದೆ. ಹಾಸ್ಟೆಲಿನ ಕಾಟ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಬಗ್ಗುವವರಿಗೆ ಪುಸ್ತಕಗಳ ಅಟ್ಟಿ ಮತ್ತು ಬೇರೆ ಕೀಬೋರ್ಡ್ ಸಾಕು. ಕಚೇರಿ ನೌಕರರ ಮೇಲಿನ ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2018ರಲ್ಲಿ ತೂಗಿ ನೋಡಿದಾಗಲೂ ಸ್ವಲ್ಪ ಗಟ್ಟಿಯಾಗಿ ನಿಂತದ್ದು ಮುಂಗೈ ಆಸರೆ ಮತ್ತು ಬೇರೆ ಬಗೆಯ ಮೌಸು, ಎರಡೂ ಕೂಡಿದ ಉಪಾಯ. ಅದೂ ಕುತ್ತಿಗೆ-ಭುಜದ ತೊಂದರೆ ತಡೆಯುವ ಮಟ್ಟಿಗೆ. ನರ ಬಿಡಿಸುತ್ತದೆಂದು ಅವರು ಹೇಳಿಲ್ಲ.

ಎಷ್ಟೇ ಒಳ್ಳೆಯ ಭಂಗಿಯಾದರೂ ತಾಸುಗಟ್ಟಲೆ ಹಿಡಿದರೆ ಕೆಟ್ಟದ್ದೇ. ಇಟಲಿಯ ವೈದ್ಯ ರಮಾಝ್ಝಿನಿ 1713ರಲ್ಲಿ ಗುಮಾಸ್ತರ ಕಾಯಿಲೆಗೆ ಕೊಟ್ಟ ಕಾರಣಗಳಲ್ಲಿ ಮೊದಲನೆಯದೇ ಸದಾ ಕೂತಿರುವುದು. ಆಗ ಕಂಪ್ಯೂಟರೂ ಇರಲಿಲ್ಲ, ಗಾಲಿ ಮೇಲೆ ಹೊರಳುವ ಕಚೇರಿ ಕುರ್ಚಿಯೂ ಇರಲಿಲ್ಲ. ಅರ್ಧ ತಾಸಿಗೊಮ್ಮೆ ಎದ್ದು ಕೈ ಜೋತುಬಿಟ್ಟು ಓಡಾಡಲು ಅಂಗಡಿ ಮಾಲೀಕ ಬಿಡಬೇಕು. ಮೇಜು ಸರಿಪಡಿಸುವುದಕ್ಕಿಂತ ಕಷ್ಟದ ಕೆಲಸ ಅದು.

ಎಲ್ಲ ಜೋಮಿಗೂ ಮೇಜೇ ಕಾರಣವೆನ್ನುವುದು ಇನ್ನೊಂದು ಅತಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದರೆ ಮಣಿಕಟ್ಟನ್ನೂ ಕುತ್ತಿಗೆಯನ್ನೂ ನೋಡಿಸಬೇಕು. ಕೆಲವರಿಗೆ ಕುತ್ತಿಗೆಯಲ್ಲಿ ಹುಟ್ಟಿನಿಂದಲೇ ಒಂದು ಹೆಚ್ಚಿನ ಪಕ್ಕೆಲುಬು ಇರುತ್ತದೆ, ಅದೂ ನರವನ್ನು ಅದುಮಬಹುದು. ಹಿಡಿದ ಲೋಟ ಜಾರುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಕರಗಿದ್ದರೆ ಕಂಬಳಿ-ಹಲಗೆಗಳ ಕಾಲ ಮುಗಿಯಿತು, ನರರೋಗ ತಜ್ಞರನ್ನು ಕಾಣಬೇಕು. ತೋಳು ಇದ್ದಕ್ಕಿದ್ದಂತೆ ಊದಿ ನೀಲಿಗಟ್ಟಿದರೆ ರಕ್ತನಾಳ ಕಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.