ದಂಡಿಗೆ ಲೇತ್ ಬೇಡ, ಅರ ಬೇಕು

ದಾವಣಗೆರೆ–ಹರಿಹರ ಸೀಮೆಯಲ್ಲಿ ಲೇತಿಗೆ ಇರುವ ಮರ್ಯಾದೆ ಇಂದು ನಿನ್ನೆಯದಲ್ಲ. 1224ರಲ್ಲಿ ಕಟ್ಟಿದ ಹರಿಹರೇಶ್ವರ ಗುಡಿಯ ಕಡೆದ ಕಂಬಗಳನ್ನು ನೋಡಿಕೊಂಡೇ ಬೆಳೆದವರು ನಾವು. 1941ರಲ್ಲಿ ಅದೇ ಊರಿಗೆ ಮೈಸೂರು ಕಿರ್ಲೋಸ್ಕರ್ ಬಂದು, ಲೇತ್ ತಯಾರಿಸುವುದೇ ಸಾವಿರಾರು ಮನೆಗಳ ಅನ್ನವಾಯಿತು. ಹಾಗಾಗಿ ತತ್ವಪದದವರ ಏಕತಾರಿ, ತಂಬೂರಿಗಳ ದಂಡಿಯನ್ನೂ ಲೇತಿಗೆ ಕೊಟ್ಟು ತಿರುಗಿಸಿ, ‘ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ’ ಎಂದು ಹೊಗಳಿದರೆ ಇಲ್ಲಿ ಯಾರೂ ಎದುರಾಡುವುದಿಲ್ಲ. ನಾನು ಎದುರಾಡುತ್ತೇನೆ. ಈ ಹೊಗಳಿಕೆ ವಾದ್ಯಕ್ಕೆ ಸಲ್ಲದು.

ಕಂಬದ ಮೇಲಿನ ಭಾರ ನೆಟ್ಟಗೆ ಕೆಳಗಿಳಿಯುತ್ತದೆ. ಅದಕ್ಕೆ ಸುತ್ತಲೂ ಸಮವಾದ ದುಂಡು ಒಪ್ಪುತ್ತದೆ. ದಂಡಿಯನ್ನು ತಂತಿ ಒಂದೇ ಮಗ್ಗುಲಿಗೆ ಎಳೆಯುತ್ತದೆ. ಅದು ಬಗ್ಗದಂತೆ ಹಿಡಿದಿಡುವುದು ಮುಂದಿನಿಂದ ಬೆನ್ನಿನವರೆಗಿನ ದಪ್ಪ. ಅಗಲವನ್ನು ಹಾಗೇ ಇಟ್ಟು 20 ಮಿ.ಮೀ. ದಪ್ಪದ ಪಟ್ಟಿಯನ್ನು 18ಕ್ಕೆ ಇಳಿಸಿದರೆ ಮರ ಹೋಗುವುದು ಹತ್ತರಲ್ಲಿ ಒಂದು ಪಾಲು. ಬಿಗಿ ಹೋಗುವುದು ಕಾಲು ಪಾಲಿಗೂ ಮೇಲೆ. ಕೈಗೆ ಒಗ್ಗುವಂತೆ ಅಗಲ ತೆಗೆಯಬಹುದು, ದಪ್ಪ ತೆಗೆಯುವಂತಿಲ್ಲ. ಸುತ್ತಲೂ ಒಂದೇ ಸಮ ಕಡೆಯುವ ಲೇತಿಗೆ ಈ ವ್ಯತ್ಯಾಸ ತಿಳಿಯದು. ಇನ್ನು ಹಾಡುವವರ ಕೈ ನೋಡಿ. ಒಂದು ಕೈಯಲ್ಲಿ ಚಿಟಿಕೆ ಇದ್ದಾಗ ದಂಡಿ ಹಿಡಿದ ಕೈಯ ತೋರುಬೆರಳೇ ತಂತಿ ಮೀಟಬೇಕು. ರಾತ್ರಿಯಿಡೀ ಭಜನೆ ನಡೆದು ಅಂಗೈ ಬೆವೆತರೆ ದುಂಡು ಕೋಲು ಹೊರಳುತ್ತದೆ. ಮುಂದೆ ಚಪ್ಪಟೆ, ಹಿಂದೆ ಉಬ್ಬು ಇರುವ ದಂಡಿ ಕೂತಲ್ಲೇ ಕೂರುತ್ತದೆ.

ಈ ಉಬ್ಬನ್ನು ಮೂಡಿಸುವ ಬಗೆಯನ್ನು ನಮ್ಮ ದೇವರಾಜ ಅರಸು ಬಡಾವಣೆಯ ಒಂದು ಮರಗೆಲಸದ ಶೆಡ್ಡಿನಲ್ಲಿ ಎರಡು ಮಧ್ಯಾಹ್ನ ಕೂತು ನೋಡಿದೆ. ಹಲಸಿನ ಪಟ್ಟಿ ವೈಸಿನಲ್ಲಿತ್ತು. ಮೇಸ್ತ್ರಿ ದುಂಡು ಮಾಡಲು ಹೋಗಲೇ ಇಲ್ಲ. ಬೆನ್ನಿನ ಎರಡು ಏಣುಗಳನ್ನು ಕೀಸುಳಿಯಿಂದ ಓರೆಯಾಗಿ ಇಳಿಸಿದರು. ಬೆನ್ನು ಮೂರು ಮುಖವಾಯಿತು. ಹೊಸದಾಗಿ ಎದ್ದ ನಾಲ್ಕು ಏಣುಗಳನ್ನು ಅರದಿಂದ ಇಳಿಸಿದರು, ಏಳು ಮುಖವಾಯಿತು. ಪ್ರತಿ ಸಲವೂ ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬಾಗಿಲ ಬೆಳಕಿಗೆ ಹಿಡಿದು ಏಣಿನ ಗೆರೆ ನೋಡುತ್ತಿದ್ದರು. ‘ದುಂಡಗೆ ಮಾಡಿಬಿಟ್ರೆ ತಪ್ಪು ಕಾಣಂಗಿಲ್ರಿ, ಗೆರೆ ಇದ್ರೆ ಕಾಣ್ತತಿ’ ಎಂದರು. ಇಡೀ ವಿದ್ಯೆ ಆ ಮಾತಿನಲ್ಲಿದೆ.

ನಿಜವಾದ ಪರೀಕ್ಷೆ ದಂಡಿ ಬುರುಡೆಗೆ ಸೇರುವಲ್ಲಿ. ಅಲ್ಲಿ ಮರ ಅಗಲವಾಗುತ್ತ ಒಳಕ್ಕೆ ಬಾಗುತ್ತದೆ. ಕೀಸುಳಿಯ ಚಪ್ಪಟೆ ತಳ ಆ ಬಾಗಿಗೆ ಕೂರುವುದಿಲ್ಲ. ಹಲಸಿನ ಎಳೆ ಅತ್ತಿತ್ತ ತಿರುಗಿರುವುದರಿಂದ ಉಳಿ ಎಳೆಯ ಕೆಳಗೆ ನುಗ್ಗಿ ಸೀಳು ಎಬ್ಬಿಸುತ್ತದೆ. ಒಂದು ಮೈ ಚಪ್ಪಟೆ, ಒಂದು ಮೈ ಉಬ್ಬಿರುವ ಅರ ಮಾತ್ರ ಆ ಬಾಗಿನೊಳಗೆ ಇಳಿದು, ಸ್ವಲ್ಪಸ್ವಲ್ಪವೇ ತಿಂದು, ಸಾಕೆಂದಲ್ಲಿ ನಿಲ್ಲುತ್ತದೆ. ಕೈಯಿಂದ ಹಲ್ಲು ಕೊಯ್ದ ಅರವಾದರೆ ಹಲ್ಲುಗಳು ಸಾಲುಗಟ್ಟಿರುವುದಿಲ್ಲ. ಹಾಗಾಗಿ ಮರದ ಮೇಲೆ ಉದ್ದುದ್ದ ಗೀರು ಬೀಳುವುದಿಲ್ಲ. ಕೊನೆಗೆ ಮೇಸ್ತ್ರಿ ಹಿಡಿದದ್ದು ಒಡೆದ ಕಿಟಕಿಯ ಗಾಜಿನ ಚೂರು. ಉಪ್ಪುಕಾಗದ ಮೆದು ಎಳೆಯನ್ನು ಹೆಚ್ಚು ತಿಂದು ಗಟ್ಟಿ ಎಳೆಯನ್ನು ಎಬ್ಬಿಸುತ್ತದೆ. ಗಾಜು ಎರಡನ್ನೂ ಒಂದೇ ಮಟ್ಟಕ್ಕೆ ಹೆರೆಯುತ್ತದೆ.

ಇದನ್ನೆಲ್ಲ ಬರೆಯಬೇಕಾದವರು ಬರೆದಿಲ್ಲ ಎಂಬುದು ನನ್ನ ತಕರಾರು. ಪಕ್ಕದ ಹಾವೇರಿ ಜಿಲ್ಲೆಯ ಶಿಶುನಾಳ ಶರೀಫರು (1819–1889) ತಂಬೂರಿಯ ಮೇಲೆಯೇ ಪದ ಕಟ್ಟಿದರು. ನಮ್ಮ ಎಷ್ಟೋ ವಿಮರ್ಶಕರು ತಂಬೂರಿ ಎಂದರೆ ದೇಹ, ತಂತಿ ಎಂದರೆ ನಾಡಿ ಎಂದು ಅರ್ಥ ಬಿಡಿಸಿ ಮರವನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತಾರೆ. ಆದರೆ ಆ ರೂಪಕಕ್ಕೆ ಬಲ ಬರುವುದು ತಂಬೂರಿ ಮೊದಲು ತಂಬೂರಿಯಾಗಿ ಸರಿಯಿದ್ದರೆ. ಬಿರಡೆ ನಿಲ್ಲದ, ದಂಡಿ ಬಗ್ಗಿದ ವಾದ್ಯವನ್ನು ಇಟ್ಟುಕೊಂಡು ಯಾವ ತತ್ವವನ್ನೂ ಹೇಳಲಾಗದು. ಇನ್ನೊಂದು ಗುಂಪಿನವರು ‘ಒಂದೇ ಬಾಚಿಯಲ್ಲಿ ಇಡೀ ವಾದ್ಯ ಕೆತ್ತಿದ’ ಎಂದು ಜನಪದರನ್ನು ಕೊಂಡಾಡುತ್ತಾರೆ. ಬಾಚಿ ಒರಟು ಮರ ಇಳಿಸುವ ಹತಾರ. ಅದೊಂದೇ ಸಾಕಿತ್ತು ಎನ್ನುವುದು ಆ ಕುಶಲಿಗಳು ಆರಿಸಿ ಇಟ್ಟುಕೊಂಡಿದ್ದ ಹತ್ತಾರು ಅರ, ಉಳಿಗಳಿಗೆ, ಅವರ ವಿವೇಚನೆಗೆ ಮಾಡುವ ಅವಮಾನ.

ಲೇತಿಗೂ ಇಲ್ಲಿ ಕೆಲಸವಿದೆ. ಬಿರಡೆ ತೂತಿನೊಳಗೆ ತಿರುಗಬೇಕಾದದ್ದು. ಅದು ದುಂಡಗೇ ಇರಬೇಕು. ಅದನ್ನು ಲೇತಿಗೆ ಕೊಡಿ. ದಂಡಿಯನ್ನು ಕೊಡಬೇಡಿ. ಏಕತಾರಿ ಕೊಳ್ಳುವವರು ಪಾಲಿಶ್ ನೋಡುವ ಮೊದಲು ಕಣ್ಣು ಮುಚ್ಚಿ, ಬಿರಡೆಯಿಂದ ಬುರುಡೆಯವರೆಗೆ ದಂಡಿಯ ಬೆನ್ನ ಮೇಲೆ ಹೆಬ್ಬೆರಳು ಎಳೆಯಿರಿ. ಎಲ್ಲೂ ತಡೆಯದಿದ್ದರೆ, ಕೈಯಲ್ಲಿ ಹೊರಳದಿದ್ದರೆ, ಮಾಡಿದವರಿಗೆ ಕೇಳಿದಷ್ಟು ಹಣ ಕೊಡಿ.