‘ವಿಲೇವಾರಿ’ ಎಂಬ ಪದ: ಕನ್ನಡ ಪರಿಸರ ಬರಹದ ಒಂದು ಕೊರತೆ

ಕನ್ನಡದ ಪರಿಸರ ಚಿಂತನೆಯಲ್ಲಿ ಅಣುವಿನ ಪ್ರಶ್ನೆ ಮುನ್ನೆಲೆಗೆ ಬಂದದ್ದು ಕೈಗಾ ವಿರೋಧಿ ಚಳವಳಿಯಿಂದ. ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೆ ನಿಂತು ಸೋತದ್ದು ಪರಿಸರದ ಪ್ರಶ್ನೆಯನ್ನು ಜನರ ಮುಂದಿಡುವ ಸಲುವಾಗಿಯೇ. ಆ ಕಾಲದ ಬರಹಗಳ ಗಮನ ಕಾಡು, ಕಾಳಿ ನದಿ, ಸ್ಥಾವರದ ಸುರಕ್ಷತೆಗಳ ಮೇಲಿತ್ತು. 1994ರ ಮೇ ತಿಂಗಳಲ್ಲಿ ನಿರ್ಮಾಣ ಹಂತದ ಗುಮ್ಮಟ ಕುಸಿದು ಆ ಆತಂಕಕ್ಕೆ ಆಧಾರವನ್ನೂ ಒದಗಿಸಿತು. ಆದರೆ ಬಳಸಿ ಬಿಟ್ಟ ವಿಕಿರಣಶೀಲ ವಸ್ತು ಎಲ್ಲಿಗೆ ಹೋಗುತ್ತದೆ ಎಂಬುದು ಅಲ್ಲಿ ಬಹುಮಟ್ಟಿಗೆ ಭೀತಿಯ ಅಲಂಕಾರವಾಗಿ ಬರುತ್ತದೆಯೇ ಹೊರತು ವಿಚಾರಣೆಯ ವಸ್ತುವಾಗುವುದು ವಿರಳ.

ಇದಕ್ಕೆ ಭಾಷೆಯೂ ಒಂದು ಕಾರಣ. ‘ವಿಲೇವಾರಿ’ ಕಚೇರಿಯ ಮಾತು. ಕಡತ ವಿಲೇವಾರಿಯಾಯಿತೆಂದರೆ ಅದರ ಕಥೆ ಮುಗಿದಂತೆ. ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷ, ಪ್ಲುಟೋನಿಯಂ-239ರದು ಸುಮಾರು 24,000 ವರ್ಷ. ಇಂಥವುಗಳಿಗೆ ಈ ಪದವನ್ನು ಹಚ್ಚಿದೊಡನೆ ಮುಗಿಯದ ಹೊಣೆಯೊಂದು ಮುಗಿದ ಕೆಲಸದಂತೆ ತೋರತೊಡಗುತ್ತದೆ. ವಾಸ್ತವದಲ್ಲಿ ನಡೆಯುವುದು ಕಾವಲು: ಉಗ್ರ ತ್ಯಾಜ್ಯವನ್ನು ಗಾಜಿನಲ್ಲಿ ಬಂಧಿಸಿ, ಉಕ್ಕಿನ ಪಾತ್ರೆಯಲ್ಲಿ ಮುಚ್ಚಿ, ದಶಕಗಟ್ಟಲೆ ತಣಿಸುತ್ತ ಕಾಯುವುದು.

ಕಾವಲು ತಪ್ಪಿದರೆ ವಸ್ತು ಸೇರುವ ಜಾಗಕ್ಕೆ ಕನ್ನಡದಲ್ಲಿ ಸ್ಪಷ್ಟವಾದ ಹೆಸರೇ ಇದೆ, ಗುಜರಿ ಅಂಗಡಿ. 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಗಾಮಾ ಉಪಕರಣದೊಳಗಿನ ಕೋಬಾಲ್ಟ್-60 ಮಾಯಾಪುರಿಯ ಗುಜರಿಗೆ ತಲುಪಿ, ಹಲವರು ಅಸ್ವಸ್ಥರಾಗಿ, ಒಬ್ಬ ಕಾರ್ಮಿಕ ಸತ್ತ. ಎಕ್ಸ್-ರೇ ಯಂತ್ರ ವಿದ್ಯುತ್ ನಿಂತೊಡನೆ ಸುಮ್ಮನಾಗುತ್ತದೆ, ಕೋಬಾಲ್ಟ್ ಹಾಗಲ್ಲ. ಸುರಕ್ಷಿತ ವಿಲೇವಾರಿಯ ನಿಯಮಗಳು 1987ರಲ್ಲೇ ರೂಪುಗೊಂಡಿದ್ದವು ಎಂಬುದು ಗಮನಾರ್ಹ. ವಸ್ತುವನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡುವ ಗದ್ಯ ಕನ್ನಡಕ್ಕೆ ಹೊಸದಲ್ಲ; ಬಾಳೂರು, ಕಳಸಗಳ ಕಾಫಿ ಸೀಮೆಗೆ ಹೊಂದಿಕೊಂಡ ಮೂಡಿಗೆರೆಯಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರದು ಅಂಥ ಗದ್ಯ. ಗುಜರಿಯ ಈ ದುರಂತಕ್ಕೆ ಬೇಕಿದ್ದದ್ದು ಶೋಕಗೀತೆಗಿಂತ ಹೆಚ್ಚಾಗಿ ಆ ಬಗೆಯ ಕುತೂಹಲ.

ಕೋಲಾರದ ಪ್ರಸಂಗ ಇನ್ನೂ ಸಂಕೀರ್ಣ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರವು ಚಿನ್ನದ ಗಣಿಯ ಬಳಕೆಯಿಲ್ಲದ ಭಾಗದಲ್ಲಿ, ಸುಮಾರು 1,000 ಮೀಟರ್ ಆಳದಲ್ಲಿ, ಶಿಲೆಯು ತ್ಯಾಜ್ಯದ ಕಾವನ್ನು ಹೇಗೆ ತಾಳುತ್ತದೆಂದು ವಿದ್ಯುತ್ ಕಾಯಿಸುವ ಸಾಧನಗಳಿಂದ ಪರೀಕ್ಷಿಸಿತ್ತು. ಅಲ್ಲಿ ತ್ಯಾಜ್ಯವನ್ನು ಹೂಳಿರಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಕೂಡಂಕುಳಂ ತ್ಯಾಜ್ಯವನ್ನು ಇಲ್ಲಿಗೆ ತರುವ ಮಾತು 2012ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನೆದುರು ಬಂದಾಗ ಕೋಲಾರದ ಜನ ಬೀದಿಗಿಳಿದರು. ಅಂಥ ಯೋಜನೆಯಿಲ್ಲವೆಂದು ಕೇಂದ್ರ ಸರ್ಕಾರ ಸ್ಪಷ್ಟಪಡಿಸಿತು. ಪರೀಕ್ಷೆಗೂ ಹೂಳುವಿಕೆಗೂ ನಡುವಿನ ಅಂತರವನ್ನು ವಿವರಿಸದೆ ಈ ಪ್ರತಿಭಟನೆಯನ್ನು ಕೇವಲ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಚಿನ್ನ ತೆಗೆದು ಬರಿದಾದ ನೆಲಕ್ಕೆ ಪರರ ಕಸ ಬರುವುದೆಂಬ ಅಲ್ಲಿನವರ ಅವಮಾನ ಭೂವಿಜ್ಞಾನದ ವಾದದಿಂದ ಕರಗುವಂಥದಲ್ಲ. ಉಗ್ರ ತ್ಯಾಜ್ಯಕ್ಕೆ ಭೂಗರ್ಭದ ಶಾಶ್ವತ ನೆಲೆಯೊಂದು ಭಾರತದಲ್ಲಿ ಇಂದಿಗೂ ಸಿದ್ಧವಾಗಿಲ್ಲ.