ಕಿತ್ತೂರು ಸೀಮೆಯ ಸಮರಗೀತೆಗಳು

ಯುದ್ಧಕಾವ್ಯವೆಂದೊಡನೆ ಸಹೃದಯರ ಕಣ್ಣೆದುರು ನಿಲ್ಲುವುದು ಗದೆ, ಧನುಸ್ಸು, ರಥ, ಗಜಗಳ ವೈಭವ. ಮುಧೋಳ ಸೀಮೆಯ ರನ್ನನ ‘ಗದಾಯುದ್ಧ’ ಈ ಮಾರ್ಗದ ಮೇರುಕೃತಿ. ಆ ಸೀಮೆಗೆ ನೆರೆಯಾದ ರಾಮದುರ್ಗ, ಸವದತ್ತಿಗಳಲ್ಲಿ, ಬೈಲಹೊಂಗಲ, ಕಿತ್ತೂರುಗಳ ಹಳ್ಳಿಹಳ್ಳಿಗಳಲ್ಲಿ ಇನ್ನೊಂದು ಬಗೆಯ ಯುದ್ಧಕಾವ್ಯ ಬಾಯಿಂದ ಬಾಯಿಗೆ ಬಾಳಿಬಂದಿದೆ. ಅದು ಡಪ್ಪು, ತುಂತುಣಿಗಳ ನಾದದೊಡನೆ ಜಾತ್ರೆಗಳಲ್ಲಿ ಕೇಳಿಬರುವ ಲಾವಣಿ. ಇದನ್ನು ಬರಿಯ ವೀರರಸದ ಉದ್ಘೋಷವೆಂದು ಓದುವುದು ರೂಢಿ. ಚರಿತ್ರೆಯ ಹಿನ್ನೆಲೆಯಲ್ಲಿ ಅವಲೋಕಿಸಿದರೆ ಇದು ಸೋತ ನಾಡು ನುಡಿದ ಸಾಕ್ಷ್ಯವೆಂಬುದು ಮನಗಾಣುತ್ತದೆ.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜ ದೇಸಾಯಿ ಲಿಂಗೈಕ್ಯನಾದನು. ಅವನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಥ್ಯಾಕರೆ ಮಡಿದನು. ಆದರೆ ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಕಂಪನಿಯ ವಶವಾಯಿತು. ರಾಣಿ ಚನ್ನಮ್ಮ ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ದೇಹವಿಟ್ಟಳು. ಇಂದಿನ ಉತ್ಸವಗೀತೆಗಳು ಅಕ್ಟೋಬರಿನ ವಿಜಯದಲ್ಲಿ ತಂಗುತ್ತವೆ. ಡಿಸೆಂಬರಿನ ಹೊಸ್ತಿಲನ್ನು ದಾಟಲು ಹಿಂಜರಿಯುತ್ತವೆ. ಅಲ್ಲಿಯೇ ಅವುಗಳ ಕಾವ್ಯಶಕ್ತಿ ಕುಂದುವುದು.

ಹಳೆಯ ಲಾವಣಿಕಾರನಿಗೆ ಈ ಹಿಂಜರಿಕೆಯಿಲ್ಲ. ಸಂಗೊಳ್ಳಿಯ ರಾಯಣ್ಣನ ಬಂಡಾಯವನ್ನೇ ನೋಡಬಹುದು. ಸಂಸ್ಥಾನ ಅಳಿದ ಮೇಲೆ ಅದರ ಸೇವೆಯಲ್ಲಿದ್ದ ಶೇತಸನದಿಗಳ ಭೂಮಿಗೂ ಆಪತ್ತು ಬಂದಿತು. ರಾಯಣ್ಣನ ಸಿಟ್ಟಿನ ಹಿಂದೆ ಗದ್ದುಗೆಯ ನಿಷ್ಠೆಯಷ್ಟೇ ಈ ಮಣ್ಣಿನ ಹಕ್ಕೂ ಇದೆ. ಅವನ ಪಡೆ ಸರಕಾರಿ ಕಚೇರಿಗಳಿಗೆ ಬೆಂಕಿಯಿಟ್ಟುದರ ಮರ್ಮ ಇದರಿಂದ ತಿಳಿಯುತ್ತದೆ: ಭೂಮಿಯ ಲೆಕ್ಕಪತ್ರಗಳಿದ್ದುದು ಅಲ್ಲಿಯೇ. 1830ರಲ್ಲಿ ಅವನು ಸೆರೆಸಿಕ್ಕನು; 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಹಿಡಿದುಕೊಟ್ಟವರು ಪರಕೀಯರಲ್ಲ, ಈ ನಾಡಿನವರೇ ಎಂಬ ಕಹಿಯನ್ನು ಜನಪದರು ಮರೆಮಾಚಲಿಲ್ಲ.

ಈ ಪ್ರಾಮಾಣಿಕತೆ ಪರಾಕಾಷ್ಠೆ ಮುಟ್ಟುವುದು ಹಲಗಲಿಯ ಬೇಡರ ಲಾವಣಿಯಲ್ಲಿ. ಹಲಗಲಿ ಮುಧೋಳ ಸೀಮೆಯ ಊರು. 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂದಾಗ ಬೇಡರು ಆಯುಧ ಒಪ್ಪಿಸಲು ನಿರಾಕರಿಸಿದರು. ಬೇಟೆಯಿಂದ ಬದುಕುವವರಿಗೆ ಆಯುಧವೇ ಅನ್ನ, ಅದೇ ಮಾನ. ನವೆಂಬರಿನ ಕೊನೆಯಲ್ಲಿ ಕಂಪನಿಯ ದಂಡು ಊರನ್ನು ಸುಟ್ಟಿತು. ಆರು ತಿಂಗಳೊಳಗೆ, 1858ರ ಮೇ ತಿಂಗಳಲ್ಲಿ, ನರಗುಂದದ ಬಾಬಾಸಾಹೇಬನವರು ರಾಮದುರ್ಗದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಹಲಗಲಿಯ ಕಿಚ್ಚು ಒಂಟಿಯಲ್ಲವೆಂಬುದಕ್ಕೆ ಇದು ನಿದರ್ಶನ.

ಲಾವಣಿಕಾರ ಕಾದಾಟವನ್ನು ಹಾಡಿ ಮುಗಿಸುವುದಿಲ್ಲ. ಲೂಟಿಯಾದುದನ್ನು ಒಂದೊಂದಾಗಿ ಎಣಿಸುತ್ತಾನೆ. ಒಕ್ಕಲುತನದ ಮುಟ್ಟುಗಳು, ಹೈನು, ಅಡಿಗೆಯ ಸಾಮಾನು, ಬೀಸುವ ಕಲ್ಲು, ಕೊನೆಗೆ ಹೆಣ್ಣುಮಕ್ಕಳ ಕೊರಳ ಸೂತ್ರ. ಮಾರ್ಗಕವಿ ರುಂಡಗಳನ್ನು ಎಣಿಸುವಲ್ಲಿ ಇವನು ಒಲೆಯ ಬಳಿಯ ವಸ್ತುಗಳನ್ನು ಎಣಿಸುತ್ತಾನೆ. ವೀರವು ಕರುಣದಲ್ಲಿ ಪರ್ಯವಸಾನ ಹೊಂದುವ ಬಗೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ವಿರಳ. ಯುದ್ಧವೆಂದರೆ ಬೀಸುವ ಕಲ್ಲೂ ಉಳಿಯದ ಮನೆ ಎಂಬ ಅರಿವು ಕೇಳುವವರ ಎದೆಗೆ ನೇರವಾಗಿ ಇಳಿಯುತ್ತದೆ.

ವಿಧಿಯ ವಿನೋದವೆಂದರೆ, ಈ ಬಂಡಾಯದ ಹಾಡುಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚಿಗೆ ತಂದವನು ಅದೇ ಆಂಗ್ಲ ಸರಕಾರದ ಅಧಿಕಾರಿ, ಶಾಸನತಜ್ಞ ಜೆ. ಎಫ್. ಫ್ಲೀಟ್. ಆಳುವವನ ಕಿವಿಗೂ ಇವು ಬರಿಯ ರಾಜದ್ರೋಹವಾಗಿ ಕೇಳಿಸಲಿಲ್ಲ.

ಹಲಗಲಿಯ ಲಾವಣಿ ಕುರ್ತಕೋಟಿಯ ಕಲ್ಮೇಶನ ಅಂಕಿತದಲ್ಲಿ ಕೊನೆಗೊಳ್ಳುತ್ತದೆ. ಸುಟ್ಟ ಊರಿನ ಕಥೆಯನ್ನು ಕವಿ ಬಣ್ಣ ಹಚ್ಚದೆ ಶಿವನ ಸನ್ನಿಧಿಯಲ್ಲಿ ಇರಿಸಿದ್ದಾನೆ. ಸತ್ಯವನ್ನು ನುಡಿಯುವುದೇ ದೇವಲೋಕವೆಂದು ಬಗೆದ ಶರಣರ ನಾಡಿಗೆ ಇದು ಸಹಜವಾದ ಮಾರ್ಗ. ಬೈಲಹೊಂಗಲದಲ್ಲಿ ಚನ್ನಮ್ಮನ ಸಮಾಧಿಗೆ ಕೈಮುಗಿಯುವ ಭಕ್ತರು ಅಕ್ಟೋಬರಿನ ಜಯದೊಡನೆ ಆ ಸೆರೆಯ ವರುಷಗಳನ್ನೂ ನೆನೆದರೆ, ನಾಳಿನ ಕವಿಗೂ ಅದೇ ದೀಕ್ಷೆ ದೊರೆತೀತು.